ನೇತ್ರವೈದ್ಯಶಿಕ್ಷಣದ ಚರಿತ್ರೆಯಲ್ಲಿ ಅಭ್ಯಾಸದ ಪ್ರಶ್ನೆ

ಶಸ್ತ್ರವೈದ್ಯದ ಶಾಖೆಗಳಲ್ಲಿ ಕಣ್ಣಿನ ಶಸ್ತ್ರಕ್ರಿಯೆಯನ್ನು ಕಲಿಸುವುದು ಬಹು ಕಠಿನವಾದುದೆಂದು ಆ ವಿದ್ಯೆಯನ್ನು ಬಲ್ಲವರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಇದಕ್ಕೆ ಕಾರಣವು ಸ್ಪಷ್ಟವಾಗಿಯೇ ಇದೆ. ಕೆಲಸವು ನಡೆಯತಕ್ಕ ಕ್ಷೇತ್ರವು ಒಂದು ನೆಲ್ಲಿಕಾಯಿಗಿಂತ ದೊಡ್ಡದಲ್ಲ. ಗುರುವಿನ ಕೈಯೂ ಶಿಷ್ಯನ ಕೈಯೂ ಏಕಕಾಲದಲ್ಲಿ ಅಲ್ಲಿ ಹಿಡಿಸಲಾರವು. ಹೊಟ್ಟೆಯನ್ನು ಕೊಯ್ಯುವಾಗ ಶಿಷ್ಯನು ತಪ್ಪಿದರೆ ಎದುರಿಗೆ ನಿಂತ ಗುರುವು ಮಧ್ಯೆ ಕೈಹಾಕಿ ತಿದ್ದಬಹುದು. ಕಣ್ಣಿನಲ್ಲಾದರೋ ತಪ್ಪು ನಡೆಯುವುದು ಒಂದು ನಿಮಿಷಾರ್ಧದಲ್ಲಿ, ಅದರ ಫಲವನ್ನು ಅನುಭವಿಸುವುದು ರೋಗಿಯ ಆಯುಷ್ಯಪರ್ಯಂತ. ಆದರೂ ಎಂತಹ ಪ್ರವೀಣನಾದ ನೇತ್ರವೈದ್ಯನೇ ಆಗಲಿ, ಎಂದಾದರೊಂದು ದಿನ ಮೊದಲನೆಯ ಸಲ ಶಸ್ತ್ರವನ್ನು ಕೈಯಲ್ಲಿ ಹಿಡಿದಿರಲೇಬೇಕು. ಆ ಮೊದಲನೆಯ ಕಣ್ಣು ಯಾರದು, ಕಲಿಯುವ ಕೈಯಿಂದ ಆಗಬಹುದಾದ ಹಾನಿಯನ್ನು ಯಾರು ಹೊರತಕ್ಕವರು ಎಂಬ ಪ್ರಶ್ನೆಯು ಆಗಲೇ ಹುಟ್ಟುತ್ತದೆ. ಬೇರೆ ಬೇರೆ ಕಾಲದೇಶಗಳಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರಗಳನ್ನು ಒಂದೆಡೆ ಸೇರಿಸಿ ನೋಡಿದರೆ ನೇತ್ರವೈದ್ಯಶಿಕ್ಷಣದ ಚರಿತ್ರೆಯ ಬಹುಭಾಗವು ತಾನಾಗಿಯೇ ತಿಳಿದುಬರುವುದು.

ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮನಗಂಡ ಪ್ರಾಚೀನ ಗ್ರಂಥಗಳಲ್ಲಿ ಸುಶ್ರುತಸಂಹಿತೆಯು ಅಗ್ರಗಣ್ಯವಾದುದು. ಅದರ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು. ‘ಯೋಗ್ಯಾ’ ಎಂಬ ಶಬ್ದಕ್ಕೆ ಇಲ್ಲಿ ಕೈ ಪಳಗುವುದಕ್ಕಾಗಿ ಮಾಡುವ ಅಭ್ಯಾಸವೆಂದು ಅರ್ಥ; ಕನ್ನಡದಲ್ಲಿ ಇಂದು ನಾಲಗೆಗೆ ಬಂದಿರುವ ಅರ್ಹತೆ ಎಂಬ ಅರ್ಥವಲ್ಲ. ಆದರೆ ಗ್ರಂಥಕಾರನು ಎರಡು ಅರ್ಥಗಳನ್ನೂ ಒಂದಕ್ಕೊಂದು ಹೆಣೆದಿದ್ದಾನೆ: ಎಷ್ಟು ಶಾಸ್ತ್ರವನ್ನು ಕೇಳಿ ತಿಳಿದವನಾದರೂ ಯೋಗ್ಯಾ ಮಾಡದವನು ಕರ್ಮಕ್ಕೆ ಯೋಗ್ಯನಲ್ಲವೆಂಬುದು ಅವನ ಅಭಿಪ್ರಾಯ. ಹೀಗೆ ಹೇಳಿ ಅವನು ಸುಮ್ಮನಾಗುವುದಿಲ್ಲ. ಕೊಯ್ಯುವುದನ್ನು ಕಲಿಯಲು ಕುಂಬಳ, ಸೋರೆ, ಸೌತೆ ಮೊದಲಾದ ಕಾಯಿಗಳು. ಸೀಳುವುದಕ್ಕೆ ನೀರನ್ನೂ ಕೆಸರನ್ನೂ ತುಂಬಿದ ತೊಗಲಿನ ಚೀಲ ಮತ್ತು ಪ್ರಾಣಿಗಳ ಮೂತ್ರಕೋಶ. ಕೆರೆಯುವುದಕ್ಕೆ ರೋಮವಿರುವ ಹಾಸಿದ ಚರ್ಮ. ಚುಚ್ಚುವುದಕ್ಕೆ ಸತ್ತ ಪಶುವಿನ ಸಿರೆ ಮತ್ತು ನೈದಿಲೆಯ ನಾಳ. ಒಳಹೊಕ್ಕು ಶೋಧಿಸುವುದಕ್ಕೆ ಹುಳು ತಿಂದ ಮರ ಮತ್ತು ಬಿದಿರು. ಹೊರಗೆ ತೆಗೆಯುವುದಕ್ಕೆ ಹಲಸು, ತೊಂಡೆ, ಬಿಲ್ವಗಳ ತಿರುಳು ಮತ್ತು ಸತ್ತ ಪಶುವಿನ ಹಲ್ಲು. ಸ್ರಾವ ಮಾಡಿಸುವುದಕ್ಕೆ ಬೂರುಗದ ಹಲಗೆಗೆ ಬಳಿದ ಮೇಣ. ಹೊಲಿಯುವುದಕ್ಕೆ ಬಟ್ಟೆ ಮತ್ತು ಮೆತ್ತನೆಯ ತೊಗಲು. ಕಟ್ಟು ಕಟ್ಟುವುದಕ್ಕೆ ಮನುಷ್ಯಾಕಾರದ ಬೊಂಬೆ. ಹೀಗೆ ಒಂದೊಂದು ಕರ್ಮಕ್ಕೂ ತಕ್ಕ ವಸ್ತುವನ್ನು ಹೆಸರಿಸುತ್ತಾನೆ. ಕಲಿಯುವವನು ಮೊದಲು ಜೀವವಿಲ್ಲದ ವಸ್ತುವಿನ ಮೇಲೆ ಕೈ ತಪ್ಪಿಸಿಕೊಂಡು, ತಪ್ಪಿದುದನ್ನು ತಿದ್ದಿಕೊಂಡು, ಆಮೇಲೆ ಮನುಷ್ಯನ ಬಳಿಗೆ ಬರಬೇಕೆಂಬುದೇ ಈ ಪಟ್ಟಿಯ ತಾತ್ಪರ್ಯ.

ಕಣ್ಣಿಗೆಂದೇ ಮಾಡಿದ ಬೇರೊಂದು ಮಾದರಿಯನ್ನು ಈ ಪಟ್ಟಿಯು ಹೇಳುವುದಿಲ್ಲ. ಆದರೆ ಉತ್ತರತಂತ್ರದ ಹದಿನೇಳನೆಯ ಅಧ್ಯಾಯದಲ್ಲಿ ಲಿಂಗನಾಶವೆಂಬ ರೋಗಕ್ಕೆ, ಅಂದರೆ ಈಗ ಕಣ್ಣಿನ ಪೊರೆಯೆಂದು ಕರೆಯುವುದಕ್ಕೆ, ಶಲಾಕೆಯಿಂದ ಮಾಡತಕ್ಕ ಚಿಕಿತ್ಸೆಯ ವಿವರವಿದೆ. ಎಡಗಣ್ಣನ್ನು ಬಲಗೈಯಿಂದಲೂ ಬಲಗಣ್ಣನ್ನು ಎಡಗೈಯಿಂದಲೂ ವೇಧಿಸಬೇಕೆಂದು ಅಲ್ಲಿ ವಿಧಿಸಿದೆ. ಎಂದರೆ ವೈದ್ಯನಾಗತಕ್ಕವನಿಗೆ ಎರಡು ಕೈಗಳೂ ಸಮನಾಗಿ ಪಳಗಿರಬೇಕು. ಅದಕ್ಕಿಂತ ಹೆಚ್ಚು ಗಮನಾರ್ಹವಾದುದು ಚಿಕಿತ್ಸೆಯ ತರುವಾಯದ ಭಾಗ. ರೋಗಿಯು ಅಂಗಾತ ಮಲಗಿರಬೇಕು, ಸೀನು ಕೆಮ್ಮು ಉಗುಳುಗಳನ್ನು ತಡೆಯಬೇಕು, ಮೂರು ಮೂರು ದಿನಗಳಿಗೊಮ್ಮೆ ಕಣ್ಣನ್ನು ತೊಳೆಯಬೇಕು, ಹತ್ತು ದಿನ ನಿಯಮದಿಂದಿರಬೇಕು. ಶಲಾಕೆಯು ಸ್ಥಾನ ತಪ್ಪಿ ಹೊಕ್ಕರೆ ಯಾವ ಯಾವ ಕೇಡುಗಳು ಬರುವುವೆಂಬುದನ್ನೂ ಅಲ್ಲಿ ಎಣಿಸಿ ಹೇಳಿದೆ. ತನ್ನ ಕೆಲಸದ ಫಲವನ್ನು ದಿನದಿನವೂ ಕಂಡವನು ಮಾತ್ರ ಇಂತಹ ಪಟ್ಟಿಯನ್ನು ಬರೆಯಬಲ್ಲನು.

ಗ್ರಂಥದಲ್ಲಿದ್ದ ಮಾತ್ರಕ್ಕೆ ಈ ಕ್ರಮವು ದೇಶದಲ್ಲೆಲ್ಲ ಆಚರಣೆಯಲ್ಲಿತ್ತೆಂದು ಹೇಳುವುದು ಚರಿತ್ರಕಾರನಿಗೆ ತಕ್ಕುದಲ್ಲ. ಆಚರಣೆಯಲ್ಲಿದ್ದುದಾದರೂ ಅದು ಉಳಿದುಬರಲಿಲ್ಲವೆಂಬುದಕ್ಕೆ ಬಲವಾದ ಸಾಕ್ಷ್ಯವಿದೆ. ಮದರಾಸಿನ ಸರ್ಕಾರಿ ನೇತ್ರಾಸ್ಪತ್ರೆಯ ಮುಖ್ಯಾಧಿಕಾರಿಯಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ಟನು 1917ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯಲ್ಲಿ ಹಂಟೇರಿಯನ್ ಉಪನ್ಯಾಸಗಳನ್ನು ಕೊಟ್ಟು, ಮಾರನೆಯ ವರ್ಷ ಅವುಗಳನ್ನು ವಿಸ್ತರಿಸಿ ಪುಸ್ತಕವಾಗಿ ಪ್ರಕಟಿಸಿದನು. ಪೊರೆ ಬಂದ ಮಸೂರವನ್ನು ಸೂಜಿಯಿಂದ ಕಣ್ಣಿನ ಹಿಂಭಾಗಕ್ಕೆ ತಳ್ಳುವ ಭಾರತೀಯರ ಕ್ರಿಯೆಯೇ ಅದರ ವಿಷಯ. ಉತ್ತರದಲ್ಲಿ ರಾವಲ, ಸಥಿಯಾ ಎಂದು ಮುಂತಾಗಿ ಹೆಸರಾದ ಈ ಕಸಬಿನವರು ತಂದೆಯಿಂದ ಮಗನು ಕಲಿತು, ಊರೂರು ಅಲೆದು, ಸಂತೆ ಜಾತ್ರೆಗಳಲ್ಲಿ ಕಣ್ಣು ಕಾಣದವರನ್ನು ಹುಡುಕಿ ಸೂಜಿಯನ್ನು ಹಾಕುತ್ತಿದ್ದರು. ಮಸೂರವು ದೃಷ್ಟಿಯ ಹಾದಿಯಿಂದ ಸರಿದೊಡನೆ ಬೆಳಕು ಒಳಹೊಕ್ಕು, ವರ್ಷಗಳಿಂದ ಕತ್ತಲಲ್ಲಿದ್ದವನು ಎದುರಿಗೆ ಹಿಡಿದ ಬೆರಳುಗಳನ್ನು ಎಣಿಸುತ್ತಿದ್ದನು. ಸಂಭಾವನೆ ಕೈಗೆ ಬರುತ್ತಿದ್ದುದು ಆ ಗಳಿಗೆಯಲ್ಲಿ. ಕೆಲವು ದಿನಗಳಲ್ಲಿಯೋ ವಾರಗಳಲ್ಲಿಯೋ ಕಣ್ಣು ಕೀವುಗಟ್ಟಿದಾಗ, ಅಥವಾ ಒಳಗಿನ ಒತ್ತಡವೇರಿ ನೋವಿನಿಂದ ಉಳಿದ ದೃಷ್ಟಿಯೂ ನಂದಿದಾಗ, ಸೂಜಿ ಹಾಕಿದವನು ಬೇರೊಂದು ತಾಲ್ಲೂಕಿನಲ್ಲಿರುತ್ತಿದ್ದನು. ಆಸ್ಪತ್ರೆಗೆ ಬಂದು ಸೇರುತ್ತಿದ್ದವರು ಆ ನತದೃಷ್ಟರೇ.

ಎಲಿಯಟ್ಟನ ಲೇಖನದಲ್ಲಿ ಆಳುವ ಜನಾಂಗದವನ ದರ್ಪವು ಅಲ್ಲಲ್ಲಿ ಕಾಣುವುದು ನಿಜ. ವಾಸಿಯಾದವರು ಆಸ್ಪತ್ರೆಗೆ ಬರುವುದಿಲ್ಲವಾದ್ದರಿಂದ ಅವನು ಕಂಡುದು ಕೆಟ್ಟ ಕಣ್ಣುಗಳನ್ನೇ ಹೆಚ್ಚಾಗಿ ಎಂಬುದನ್ನೂ ನೆನಪಿಡಬೇಕು. ಅವೆರಡನ್ನೂ ಕಳೆದರೂ ಉಳಿಯುವ ಸಂಗತಿಯೊಂದಿದೆ. ಈ ಕಸಬಿನವರಲ್ಲಿ ಕೈಚಳಕಕ್ಕೆ ಕೊರತೆಯಿರಲಿಲ್ಲ. ಅವರ ಶಿಕ್ಷಣದಲ್ಲಿದ್ದ ಕೊರತೆಯು, ಮಾಡಿದ ಕೆಲಸದ ಪರಿಣಾಮವನ್ನು ಕಾಣದೆ ಇದ್ದುದು. ಪರಿಣಾಮವನ್ನು ಕಾಣದವನು ಸಾವಿರ ಕಣ್ಣುಗಳನ್ನು ಮುಟ್ಟಿದರೂ ಒಂದನೆಯ ಕಣ್ಣಿನಲ್ಲಿ ಮಾಡಿದ ತಪ್ಪನ್ನೇ ಸಾವಿರನೆಯದರಲ್ಲಿಯೂ ಮಾಡುವನು. ಸುಶ್ರುತನು ವಿಧಿಸಿದ ಹತ್ತು ದಿನಗಳನ್ನು ಬಿಟ್ಟು ಅವನ ಶಲಾಕೆಯನ್ನು ಮಾತ್ರ ಉಳಿಸಿಕೊಂಡುದರ ಫಲವಿದು.

ಇದು ಭಾರತಕ್ಕೆ ಮಾತ್ರ ಮೀಸಲಾದ ದೋಷವಲ್ಲ. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿಯೂ ಅಲೆಮಾರಿ ಕಣ್ಣುವೈದ್ಯರ ವರ್ಗವೊಂದಿತ್ತು. ಅವರಲ್ಲಿ ಪ್ರಖ್ಯಾತನಾದ, ಕುಖ್ಯಾತನೂ ಆದ ಜಾನ್ ಟೇಲರನು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಚೆಸೆಲ್ಡನ್ನನಂತಹ ಮೇಧಾವಿಯ ಬಳಿ ಕಲಿತವನು. 1736ರಲ್ಲಿ ಎರಡನೆಯ ಜಾರ್ಜ್ ದೊರೆಯ ನೇತ್ರವೈದ್ಯನೆಂಬ ಬಿರುದನ್ನು ಪಡೆದವನು. ಅವನು ಕಣ್ಣುಗಳ ಚಿತ್ರಗಳನ್ನು ಬರೆಯಿಸಿದ ಸಾರೋಟಿನಲ್ಲಿ ಊರಿಂದೂರಿಗೆ ಹೋಗಿ, ಭಾಷಣ ಮಾಡಿ, ಶಸ್ತ್ರಕ್ರಿಯೆ ನಡೆಸಿ, ಕಟ್ಟು ಬಿಚ್ಚುವುದರೊಳಗೆ ಮುಂದಿನ ಊರಿಗೆ ಹೊರಟುಹೋಗುತ್ತಿದ್ದನು. 1750ರಲ್ಲಿ ಲೈಪ್ಸಿಗ್ ನಗರದಲ್ಲಿ ಸಂಗೀತಾಚಾರ್ಯನಾದ ಯೋಹಾನ್ ಸೆಬಾಸ್ಟಿಯನ್ ಬಾಖನು ಅವನ ಕೈಗೆ ಸಿಕ್ಕಿ, ಎರಡು ಸಲ ಶಸ್ತ್ರಕ್ರಿಯೆಗೆ ಒಳಗಾಗಿ, ದೃಷ್ಟಿಯನ್ನು ಕಳೆದುಕೊಂಡು, ಅದೇ ವರ್ಷ ಜುಲೈ ತಿಂಗಳಿನಲ್ಲಿ ತೀರಿಕೊಂಡನು. ಒಳ್ಳೆಯ ಗುರು, ಒಳ್ಳೆಯ ಆಸ್ಪತ್ರೆ, ರಾಜಾಶ್ರಯ ಇವು ಮೂರೂ ಇದ್ದು ಟೇಲರನಂತಹವನು ಸಿದ್ಧನಾದನೆಂದರೆ, ರಾವಲನನ್ನು ಮಾತ್ರ ಹಳಿಯುವುದು ನ್ಯಾಯವಾಗಲಾರದು.

ಈ ಸ್ಥಿತಿಯಲ್ಲಿ ಬದಲಾವಣೆಯು ಬಂದುದು ಶಸ್ತ್ರಕ್ರಿಯೆಯೇ ಬದಲಾದಾಗ. ಫ್ರಾನ್ಸಿನ ಜಾಕ್ ದಾವಿಯೆಲನು 1747ರ ತರುವಾಯ ಪೊರೆಯನ್ನು ಹಿಂದಕ್ಕೆ ತಳ್ಳದೆ, ಕಣ್ಣನ್ನು ಕೊಯ್ದು ಹೊರಗೆ ತೆಗೆಯುವ ಕ್ರಮವನ್ನು ರೂಢಿಗೆ ತಂದು, 1752ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಅಕಾಡೆಮಿಯ ಮುಂದಿಟ್ಟನು. ಈ ಕ್ರಮದ ಗುಣಗಳು ಅನೇಕ. ಕಲಿಯುವವನಿಗೆ ಮಾತ್ರ ಇದು ಸೂಜಿಯ ಕೆಲಸಕ್ಕಿಂತ ಬಹಳ ಕಷ್ಟವಾದುದು. ಒಂದು ಟೊಪ್ಪಿಗೆ ತುಂಬುವಷ್ಟು ಕಣ್ಣುಗಳನ್ನು ಕೆಡಿಸದೆ ಪೊರೆಯನ್ನು ತೆಗೆಯುವುದು ಕೈಗೆ ಬರುವುದಿಲ್ಲವೆಂಬ ಮಾತೊಂದು ಆ ಕಾಲದ ಹೆಸರಾಂತ ನೇತ್ರವೈದ್ಯ ವೆನ್ಸೆಲನ ಹೆಸರಿನಲ್ಲಿ ಇಂದಿಗೂ ವೈದ್ಯರ ಬಾಯಲ್ಲಿದೆ. ಹಾಸ್ಯವಾಗಿ ಹೇಳಿದುದೇ ಇರಬಹುದು. ಆ ಟೊಪ್ಪಿಗೆಯೊಳಗಿನ ಕಣ್ಣುಗಳ ಒಡೆಯರು ಯಾರೆಂಬುದನ್ನು ಯಾರೂ ಬರೆದಿಟ್ಟಿಲ್ಲ.

ಅವರು ಯಾವ ವರ್ಗದವರಾಗಿದ್ದರೆಂಬುದನ್ನು ಊಹಿಸುವುದು ಕಷ್ಟವಲ್ಲ. 1773ರಲ್ಲಿ ಆಸ್ಟ್ರಿಯದ ಮಹಾರಾಣಿ ಮರಿಯಾ ತೆರೇಸಾ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಯೋಸೆಫ್ ಬಾರ್ಟನನ್ನು ನೇತ್ರರೋಗಗಳ ಉಪನ್ಯಾಸಕನನ್ನಾಗಿ ನೇಮಿಸಿದಳು. ಅವನ ಶಿಷ್ಯನಾದ ಗೇಯಾರ್ಗ್ ಯೋಸೆಫ್ ಬೇರನಿಗೆ 1812ರಲ್ಲಿ ಪ್ರಾಧ್ಯಾಪಕ ಪದವಿಯೂ ಬೋಧನೆಗೆಂದೇ ಮೀಸಲಾದ ನೇತ್ರಚಿಕಿತ್ಸಾಲಯವೂ ದೊರೆತವು. ನೆಪೋಲಿಯನ್ನನ ಕಾಲದ ಈಜಿಪ್ಟಿನ ದಂಡಯಾತ್ರೆಯಿಂದ ಮರಳಿದ ಸಿಪಾಯಿಗಳು ತಂದ ಕಣ್ಣುಬೇನೆಯು ಇಂಗ್ಲೆಂಡಿನಲ್ಲಿ ಹರಡಿದಾಗ, ಜಾನ್ ಕನಿಂಗ್‌ಹ್ಯಾಮ್ ಸಾಂಡರ್ಸನು 1805ರಲ್ಲಿ ಲಂಡನ್ನಿನಲ್ಲಿ ಬಡವರಿಗಾಗಿ ಒಂದು ಔಷಧಾಲಯವನ್ನು ತೆರೆದನು. ಮುಂದೆ ಮೂರ್‌ಫೀಲ್ಡ್ಸ್ ಎಂದು ಜಗದ್ವಿಖ್ಯಾತವಾದುದು ಇದೇ. 1811ರಿಂದ ಅಲ್ಲಿ ವಿದ್ಯಾರ್ಥಿಗಳಿಗೆ ಪ್ರವೇಶ ದೊರೆಯಿತು. ಅದರ ಮಾದರಿಯಲ್ಲಿ 1819ರಲ್ಲಿ ಮದರಾಸಿನಲ್ಲಿ ನೇತ್ರಚಿಕಿತ್ಸಾಲಯವು ಸ್ಥಾಪಿತವಾಯಿತು. ಎಲಿಯಟ್ಟನು ಕೆಲಸ ಮಾಡಿದುದು ಅಲ್ಲಿಯೇ. ಇವೆಲ್ಲವುಗಳ ವ್ಯವಸ್ಥೆಯು ಒಂದೇ ತೆರನಾದುದು. ಬಡ ರೋಗಿಯು ಹಣವನ್ನು ಕೊಡತಕ್ಕುದಿಲ್ಲ. ಅದಕ್ಕೆ ಪ್ರತಿಯಾಗಿ ಅವನ ಕಣ್ಣು ವಿದ್ಯಾರ್ಥಿಯ ಪಾಠವಾಗುತ್ತದೆ. ಹಣವಂತರು ಪ್ರವೀಣ ವೈದ್ಯನನ್ನು ಮನೆಗೇ ಕರೆಯಿಸಿಕೊಳ್ಳುತ್ತಿದ್ದರು. ಈ ಒಪ್ಪಂದವನ್ನು ಯಾವ ಕಾಗದದ ಮೇಲೂ ಬರೆದಿರಲಿಲ್ಲ, ಆದರೂ ಉಭಯ ಪಕ್ಷದವರೂ ಅದನ್ನು ತಿಳಿದಿದ್ದರೆಂದು ತೋರುತ್ತದೆ. ಆದಾಗ್ಯೂ ಅಲೆಮಾರಿ ವೈದ್ಯದಲ್ಲಿ ಇಲ್ಲದಿದ್ದ ಒಂದು ದೊಡ್ಡ ಲಾಭವು ಇಲ್ಲಿತ್ತು: ರೋಗಿಯು ಹಾಸಿಗೆಯಲ್ಲಿ ಉಳಿಯುತ್ತಿದ್ದನು, ಕಟ್ಟನ್ನು ಬಿಚ್ಚುವಾಗ ಶಿಷ್ಯನು ಎದುರಿಗಿರುತ್ತಿದ್ದನು.

1851ರಲ್ಲಿ ಹರ್ಮನ್ ಹೆಲ್ಮ್‌ಹೋಲ್ಟ್ಸನು ಕಣ್ಣಿನ ಒಳಗನ್ನು ನೋಡುವ ಆಫ್ತಾಲ್ಮೋಸ್ಕೋಪೆಂಬ ಉಪಕರಣದ ವಿವರವನ್ನು ಪ್ರಕಟಿಸಿದನು. ಅದುವರೆಗೆ ಜೀವಂತ ಕಣ್ಣಿನ ಹಿಂಬದಿಯನ್ನು ಗುರುವೂ ಕಂಡಿರಲಿಲ್ಲ, ಶಿಷ್ಯನೂ ಕಂಡಿರಲಿಲ್ಲ. ಈಗ ಇಬ್ಬರೂ ಒಂದೇ ಕಣ್ಣನ್ನು ಒಬ್ಬರಾದ ಮೇಲೊಬ್ಬರು ನೋಡಿ, ಕಂಡುದು ಒಂದೇ ಹೌದೋ ಅಲ್ಲವೋ ಎಂದು ಚರ್ಚಿಸಬಹುದಾಯಿತು. ಬರ್ಲಿನ್ನಿನ ಆಲ್‌ಬ್ರೆಖ್ಟ್ ಫಾನ್ ಗ್ರೇಫನ ಚಿಕಿತ್ಸಾಲಯಕ್ಕೆ ನಾನಾ ದೇಶಗಳ ತರುಣರು ಬಂದು ಸೇರಿದುದು ಈ ಹೊಸ ವಿದ್ಯೆಗಾಗಿ. 1857ರಲ್ಲಿ ನೇತ್ರವೈದ್ಯರ ಮೊದಲನೆಯ ಅಂತರರಾಷ್ಟ್ರೀಯ ಸಮ್ಮೇಳನವು ಬ್ರಸೆಲ್ಸಿನಲ್ಲಿ ಸೇರಿತು. ಅದೇ ಶತಮಾನದಲ್ಲಿ ಜರ್ಮನ್ ಚಿಕಿತ್ಸಾಲಯಗಳಲ್ಲಿ ಮನುಷ್ಯನ ಮುಖದ ಆಕೃತಿಯ ಮುಖವಾಡವನ್ನು ಮಾಡಿ, ಅದರ ಕಣ್ಣುಗುಳಿಗಳಲ್ಲಿ ಹಂದಿಯ ಕಣ್ಣುಗಳನ್ನಿಟ್ಟು ಶಿಷ್ಯರಿಂದ ಕೊಯ್ಯಿಸುವ ಪದ್ಧತಿಯೂ ಕಾಣಬಂದಿತು. ಸತ್ತ ಪಶುವಿನ ಸಿರೆಯನ್ನು ಹೇಳಿದವನು ಇದನ್ನು ಕಂಡಿದ್ದರೆ ಅಚ್ಚರಿಪಡುತ್ತಿರಲಿಲ್ಲ.

ಶಿಕ್ಷಣವನ್ನು ಕೊಡುವುದು ಒಂದು, ಶಿಕ್ಷಣವಾಗಿದೆಯೆಂದು ಲೋಕಕ್ಕೆ ಖಾತರಿ ಮಾಡುವುದು ಇನ್ನೊಂದು. ಎರಡನೆಯದನ್ನು ಮೊದಲು ಕ್ರಮವಾಗಿ ಕೈಗೊಂಡುದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆ ದೇಶದ ವೈದ್ಯಶಾಲೆಗಳಲ್ಲಿ ಅನೇಕವು ವ್ಯಾಪಾರದ ಅಂಗಡಿಗಳಂತಿದ್ದುವೆಂಬುದು 1910ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರನ ವರದಿಯಿಂದ ಬಯಲಾಯಿತು. ಕೆಲವು ವಾರಗಳ ಪಾಠವನ್ನು ಕೇಳಿ ಬಂದವನೂ ಕಣ್ಣಿನ ವಿಶೇಷಜ್ಞನೆಂದು ಫಲಕವನ್ನು ತೂಗುಹಾಕಬಹುದಾಗಿತ್ತು. ಡೆರಿಕ್ ವೇಲ್, ಎಡ್ವರ್ಡ್ ಜಾಕ್ಸನ್ ಮುಂತಾದವರ ಪ್ರಯತ್ನದಿಂದ ಮೂರು ವೈದ್ಯಸಂಘಗಳು ಕೂಡಿ, ಸರ್ಕಾರದ ಅಪ್ಪಣೆಗೆ ಕಾಯದೆ, ಒಂದು ಪರೀಕ್ಷಾಮಂಡಲಿಯನ್ನು ಸ್ಥಾಪಿಸಿಕೊಂಡವು. ಅದರ ಮೊದಲನೆಯ ಪರೀಕ್ಷೆಯು 1916ರ ಡಿಸೆಂಬರಿನಲ್ಲಿ ಟೆನೆಸ್ಸಿ ಸಂಸ್ಥಾನದ ಮೆಂಫಿಸ್ ನಗರದಲ್ಲಿ ನಡೆಯಿತು. ವೈದ್ಯದ ಯಾವ ವಿಶೇಷ ಶಾಖೆಗೂ ಆ ದೇಶದಲ್ಲಿ ಅದಕ್ಕೆ ಮೊದಲು ಇಂತಹ ಮಂಡಲಿಯಿರಲಿಲ್ಲ. ಮುಂದೆ ಇತರ ಶಾಖೆಗಳು ಅನುಸರಿಸಿದುದು ಇದನ್ನೇ. ಆದರೆ ಪರೀಕ್ಷೆಯು ಅಳೆಯಬಲ್ಲುದು ತಿಳಿವಳಿಕೆಯನ್ನು. ಕೈಯನ್ನು ಅಳೆಯುವ ಕೋಲು ಆಗ ಯಾರ ಬಳಿಯೂ ಇರಲಿಲ್ಲ.

ಕೈಯನ್ನು ಪಳಗಿಸಿಕೊಳ್ಳಲು ಅಮೆರಿಕಾದ ವೈದ್ಯರು ಎಲ್ಲಿಗೆ ಹೋದರೆಂಬುದು ಈ ಚರಿತ್ರೆಯ ವಿಚಿತ್ರವಾದ ಅಧ್ಯಾಯ. ಪಂಜಾಬಿನ ಜಲಂಧರದಲ್ಲಿ ಐರ್ಲೆಂಡಿನವನಾದ ಹೆನ್ರಿ ಸ್ಮಿತ್ತನು ಮಸೂರವನ್ನು ಅದರ ಕೋಶದೊಡನೆ ಇಡಿಯಾಗಿ ತೆಗೆಯುವ ಕ್ರಮದಲ್ಲಿ ಪ್ರಸಿದ್ಧನಾದಾಗ, ಅದನ್ನು ಕಣ್ಣಾರೆ ಕಾಣಲು ಸಮುದ್ರಗಳನ್ನು ದಾಟಿ ವೈದ್ಯರು ಬಂದರು. ಸಿಂಧದ ಶಿಕಾರಪುರದಲ್ಲಿ ಇದು ಇನ್ನೂ ದೊಡ್ಡದಾಗಿ ಬೆಳೆಯಿತು. ಕ್ವೆಟ್ಟಾ ನಗರದ ಮಿಷನ್ ಆಸ್ಪತ್ರೆಯಲ್ಲಿದ್ದ ಹೆನ್ರಿ ಹಾಲೆಂಡನನ್ನು ಶಿಕಾರಪುರದ ಸೇಠ್ ಹೀರಾನಂದರು ಕರೆದು, ಖರ್ಚುವೆಚ್ಚಗಳನ್ನು ವಹಿಸಿಕೊಂಡು, 1911ರ ಸುಮಾರಿನಿಂದ ಪ್ರತಿ ಚಳಿಗಾಲದಲ್ಲಿಯೂ ಕಣ್ಣಿನ ಚಿಕಿತ್ಸೆಯ ಬೀಡನ್ನು ನಡೆಸುವಂತೆ ಮಾಡಿದರು. ಸಾವಿರಾರು ಮಂದಿ ಒಂಟೆಯ ಮೇಲೆಯೂ ಎತ್ತಿನ ಬಂಡಿಗಳಲ್ಲಿಯೂ ಅಲ್ಲಿಗೆ ಬಂದು ಬಿಡಾರ ಮಾಡುತ್ತಿದ್ದರು. ಇಷ್ಟು ಜನರಿಗೆ ಹಾಲೆಂಡನೊಬ್ಬನ ಕೈ ಸಾಲದು. ಅಮೆರಿಕಾ ಮುಂತಾದ ದೇಶಗಳ ನೇತ್ರವೈದ್ಯರು ಸ್ವಂತ ವೆಚ್ಚದಿಂದ ಬಂದು, ಕೆಲವೇ ವಾರಗಳಲ್ಲಿ, ತಮ್ಮ ದೇಶದಲ್ಲಿ ವರ್ಷಗಳಲ್ಲಿಯೂ ದೊರೆಯದಷ್ಟು ಶಸ್ತ್ರಕ್ರಿಯೆಗಳನ್ನು ಮಾಡಿ ಹಿಂದಿರುಗುತ್ತಿದ್ದರು.

ಇದನ್ನು ಹೇಗೆ ತೂಗತಕ್ಕುದು? ಹಾಲೆಂಡನ ಸೇವಾಬುದ್ಧಿಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆ ಬೀಡು ಇಲ್ಲದಿದ್ದರೆ ಬಂದವರಲ್ಲಿ ಬಹುಮಂದಿ ಕುರುಡರಾಗಿಯೇ ಸಾಯುತ್ತಿದ್ದರು. ಬಂದ ವೈದ್ಯರೂ ಹೊಸಬರಲ್ಲ, ಅವರವರ ದೇಶದಲ್ಲಿ ಪದವಿ ಪಡೆದವರು. ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ಸಿಂಧದ ರೈತನ ಕಣ್ಣಿನ ಮೇಲೆ ದೊರೆತ ಅನುಭವವು ಹಡಗನ್ನು ಹತ್ತಿ ಬೇರೆ ಖಂಡಕ್ಕೆ ಹೋಯಿತು. ಅಷ್ಟೇ ಶ್ರಮದಿಂದ ಸಿಂಧದವರೇ ಆದ ನೇತ್ರವೈದ್ಯರನ್ನು ಅಲ್ಲಿಯೇ ತರಬೇತು ಮಾಡಿದ್ದರೆ ಆ ಕೈಗಳು ಬೇಸಗೆಯಲ್ಲಿಯೂ ಮಳೆಗಾಲದಲ್ಲಿಯೂ ಆ ನಾಡಿನಲ್ಲಿಯೇ ಉಳಿಯುತ್ತಿದ್ದುವು. ಮೂರ್‌ಫೀಲ್ಡ್ಸಿನ ಬರೆಯದ ಒಪ್ಪಂದದಲ್ಲಿ ಲಂಡನ್ನಿನ ಬಡವನ ಕಣ್ಣಿನಿಂದ ಕಲಿತವನು ಮುಂದೆ ಲಂಡನ್ನಿನವರಿಗಾದರೂ ದೊರೆಯುತ್ತಿದ್ದನು. ಶಿಕಾರಪುರದಲ್ಲಿ ಆ ಪ್ರತಿಫಲವೂ ಇರಲಿಲ್ಲ.

ಸ್ಥಳೀಯ ಸಂಸ್ಥೆಗಳು ಇಲ್ಲದೆ ಇರಲಿಲ್ಲ. ಬೆಂಗಳೂರಿನಲ್ಲಿ 1896ರಲ್ಲಿ ಸಣ್ಣದಾಗಿ ಆರಂಭವಾದ ನೇತ್ರಾಸ್ಪತ್ರೆಯು 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದು ಮಿಂಟೋ ಆಸ್ಪತ್ರೆಯೆಂದು ಹೆಸರಾಯಿತು. 1955ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜು ಸ್ಥಾಪಿತವಾದ ಮೇಲೆ ಅದರ ವಿದ್ಯಾರ್ಥಿಗಳಿಗೆ ಇದೇ ಪಾಠಶಾಲೆಯಾಯಿತು. ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಹಳ್ಳಿಗಳಿಗೇ ಹೋಗಿ ನೇತ್ರಶಿಬಿರಗಳನ್ನು ನಡೆಸಿ ಲಕ್ಷಾಂತರ ಜನರಿಗೆ ದೃಷ್ಟಿಯನ್ನು ಕೊಟ್ಟುದು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಆದರೆ ಒಬ್ಬರ ಕೈ ಎಷ್ಟೇ ಚುರುಕಾಗಿದ್ದರೂ ಕುರುಡರ ಸಂಖ್ಯೆಯು ಅದಕ್ಕಿಂತ ವೇಗವಾಗಿ ಬೆಳೆಯುತ್ತಿತ್ತು.

ಈ ಅರಿವಿನಿಂದಲೇ 1975ರಲ್ಲಿ ಸರ್ ಜಾನ್ ವಿಲ್ಸನ್ನನ ಮುಂದಾಳುತನದಲ್ಲಿ ಅಂಧತ್ವನಿವಾರಣೆಯ ಅಂತರರಾಷ್ಟ್ರೀಯ ಸಂಸ್ಥೆಯೂ, 1976ರಲ್ಲಿ ಭಾರತ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮವೂ ಹುಟ್ಟಿದವು. ಅದೇ 1976ರಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿಯವರು ಮಧುರೆಯಲ್ಲಿ 11 ಹಾಸಿಗೆಗಳ ಅರವಿಂದ ನೇತ್ರಾಸ್ಪತ್ರೆಯನ್ನು ತೆರೆದರು. ಯೌವನದಲ್ಲಿ ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿ, ಆ ಬೆರಳುಗಳಿಗೆ ಶಸ್ತ್ರವನ್ನು ಹಿಡಿಯುವುದನ್ನು ಹೊಸದಾಗಿ ಕಲಿಸಿಕೊಂಡವರು ಅವರು. ಕೈಯನ್ನು ಕಲಿಸುವುದೆಂದರೇನೆಂಬುದು ಅವರಿಗೆ ಪುಸ್ತಕದಿಂದ ತಿಳಿದುದಲ್ಲ. ಅಲ್ಲಿ ಕಂಡುಕೊಂಡ ಉಪಾಯದ ತಿರುಳು ಇಷ್ಟೇ: ಶಸ್ತ್ರಕ್ರಿಯೆಯ ಮುನ್ನವೂ ಆಮೇಲೂ ಮಾಡತಕ್ಕ ನೂರು ಸಣ್ಣ ಕೆಲಸಗಳನ್ನು ವೈದ್ಯನಿಂದ ಬಿಡಿಸಿ, ಹಳ್ಳಿಯ ಹೆಣ್ಣುಮಕ್ಕಳಿಗೆ ಎರಡು ವರ್ಷ ತರಬೇತು ಕೊಟ್ಟು ಅವರಿಗೆ ಒಪ್ಪಿಸುವುದು. ಕಣ್ಣನ್ನು ಪರೀಕ್ಷಿಸುವುದು, ಅಳೆಯುವುದು, ಉಪಕರಣಗಳನ್ನು ಸಜ್ಜುಗೊಳಿಸುವುದು ಇವೆಲ್ಲ ಅವರ ಕೈಗೆ ಬಂದವು. ನೇತ್ರವೈದ್ಯಶಿಕ್ಷಣವೆಂದರೆ ವೈದ್ಯನ ಶಿಕ್ಷಣ ಮಾತ್ರವೆಂಬ ಹಳೆಯ ಎಣಿಕೆಯು ಇಲ್ಲಿ ಸಡಿಲವಾಯಿತು. ಆಫ್ರಿಕಾ ಖಂಡದ ಮಲಾವಿ, ಕೀನ್ಯಾ, ಟಾಂಜಾನಿಯಾ ಮುಂತಾದ ದೇಶಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ವೈದ್ಯಪದವಿಯಿಲ್ಲದ ಕ್ಲಿನಿಕಲ್ ಆಫೀಸರುಗಳಿಗೇ ಪೊರೆಯ ಶಸ್ತ್ರಕ್ರಿಯೆಯನ್ನು ಕಲಿಸಿದರು. ಇದರ ಬಗ್ಗೆ ವೈದ್ಯವರ್ಗದಲ್ಲಿ ವಿವಾದವಿದೆ. ಆದರೆ ಜಿಲ್ಲೆಗೆ ಒಬ್ಬ ನೇತ್ರವೈದ್ಯನೂ ಇಲ್ಲದ ಕಡೆ ಈ ವಿವಾದವನ್ನು ನಡೆಸುವವರು ಯಾರು?

ಗುರುಗಳನ್ನೇ ದೇಶಾಂತರಕ್ಕೆ ಕಳುಹಿಸುವ ಪ್ರಯತ್ನವೂ ನಡೆಯಿತು. ಶಿಕಾರಪುರದಲ್ಲಿ ಕಲಿಯುವವನು ಪ್ರಯಾಣ ಮಾಡುತ್ತಿದ್ದನು. 1982ರಲ್ಲಿ ಪನಾಮಾಕ್ಕೆ ಮೊದಲು ಹಾರಿದ ಆರ್ಬಿಸ್ ಸಂಸ್ಥೆಯ ವಿಮಾನದಲ್ಲಿ ಕಲಿಸುವವನು ಪ್ರಯಾಣ ಮಾಡಿದನು. ಡೇವಿಡ್ ಪೇಟನ್ನನ ಕಲ್ಪನೆಯಾದ ಈ ವಿಮಾನದ ಒಡಲಿನಲ್ಲಿಯೇ ಶಸ್ತ್ರಕ್ರಿಯೆಯ ಕೊಠಡಿಯೂ, ಅಲ್ಲಿ ನಡೆಯುವುದನ್ನು ತೆರೆಯ ಮೇಲೆ ನೋಡಲು ಸ್ಥಳೀಯ ವೈದ್ಯರಿಗೆ ಪಾಠದ ಕೊಠಡಿಯೂ ಇದ್ದುವು. ಪ್ರಯಾಣದ ದಿಕ್ಕನ್ನು ತಿರುಗಿಸಿದುದು ದೊಡ್ಡ ಸಂಗತಿಯೇ ಸರಿ. ಆದರೂ ಅತಿಥಿಯಾಗಿ ಬಂದ ಗುರುವು ಹೊರಟುಹೋದ ಮೇಲೆ ಕಟ್ಟನ್ನು ಬಿಚ್ಚುವವರು ಯಾರೆಂಬ ಹಳೆಯ ಪ್ರಶ್ನೆಯು ಇಲ್ಲಿಯೂ ಬೆನ್ನುಬಿಡಲಿಲ್ಲ. ಆ ದೃಷ್ಟಿಯಿಂದ ನೇಪಾಳದಲ್ಲಿ ಡಾ. ಸಂದುಕ್ ರುಯಿತ್ ಅವರು 1994ರಲ್ಲಿ ಕಾಠ್ಮಂಡುವಿನ ತಿಲಗಂಗಾದಲ್ಲಿ ಸ್ಥಾಪಿಸಿದ ಸಂಸ್ಥೆಯಂತಹವು ಹೆಚ್ಚು ಗಟ್ಟಿಯಾದ ಅಡಿಪಾಯವುಳ್ಳವು. ಅಲ್ಲಿ ಗುರುವೂ ರೋಗಿಯೂ ಒಂದೇ ನಾಡಿನವರು.

ಹಳೆಯ ವೈದ್ಯರ ಮರುಶಿಕ್ಷಣವೆಂಬ ಇನ್ನೊಂದು ತೊಡಕು ಇದೇ ಕಾಲದಲ್ಲಿ ತಲೆದೋರಿತು. 1949ರಲ್ಲಿ ಹೆರಾಲ್ಡ್ ರಿಡ್ಲಿಯು ಲಂಡನ್ನಿನಲ್ಲಿ ಕಣ್ಣಿನೊಳಗೆ ಕೃತಕ ಮಸೂರವನ್ನು ಇಟ್ಟನು. ದಶಕಗಳ ವಿರೋಧದ ತರುವಾಯ ಆ ಕ್ರಮವು ಎಲ್ಲೆಡೆ ಒಪ್ಪಿಗೆಯಾದಾಗ, ಮಸೂರವನ್ನು ಕೋಶದೊಡನೆ ಇಡಿಯಾಗಿ ತೆಗೆಯುವುದನ್ನು ಕಲಿತಿದ್ದ ನಡುವಯಸ್ಸಿನ ವೈದ್ಯರು, ಕೋಶವನ್ನು ಉಳಿಸಿ ಅದರೊಳಗೆ ಹೊಸದನ್ನು ಕೂರಿಸುವುದನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಭಾರತದಲ್ಲಿ 1994ರಿಂದ 2002ರ ವರೆಗೆ ವಿಶ್ವಬ್ಯಾಂಕಿನ ಸಾಲದಿಂದ ಏಳು ರಾಜ್ಯಗಳಲ್ಲಿ ನಡೆದ ಯೋಜನೆಯಲ್ಲಿ ಸರ್ಕಾರಿ ವೈದ್ಯರಿಗೆ ಈ ಮರುಶಿಕ್ಷಣವನ್ನು ಕೊಟ್ಟರು.

ವೈದ್ಯರ ಸಂಖ್ಯೆಯ ಹಂಚಿಕೆಯು ಎಷ್ಟು ವಿಷಮವಾಗಿದೆಯೆಂಬುದು 2015ನೆಯ ವರ್ಷದ ಒಂದು ಗಣನೆಯಿಂದ ತಿಳಿಯುತ್ತದೆ. 194 ದೇಶಗಳಲ್ಲಿ ಒಟ್ಟು 2,32,866 ಮಂದಿ ನೇತ್ರವೈದ್ಯರಿದ್ದರು. ಧನಿಕ ದೇಶಗಳಲ್ಲಿ ಹತ್ತು ಲಕ್ಷ ಜನರಿಗೆ ಸರಾಸರಿ 76 ಮಂದಿ. ಕಡು ಬಡ ದೇಶಗಳಲ್ಲಿ ನಾಲ್ಕು ಮಂದಿಗೂ ಕಡಮೆ. ಎಲ್ಲಿ ರೋಗಿಗಳು ಹೆಚ್ಚೋ ಅಲ್ಲಿ ಗುರುಗಳು ವಿರಳ. ಗುರುವು ವಿರಳವಾದಲ್ಲಿ ಶಿಷ್ಯನು ರೋಗಿಯ ಕಣ್ಣಿನ ಮೇಲೆ ಒಬ್ಬನೇ ಕಲಿಯತಕ್ಕವನು.

ಇದಕ್ಕೆ ಪರಿಹಾರವನ್ನು ಹುಡುಕುವ ಕೆಲಸವು ಕಳೆದ ಮೂರು ದಶಕಗಳಲ್ಲಿ ನಡೆದಿದೆ. ನೇತ್ರವೈದ್ಯದ ಅಂತರರಾಷ್ಟ್ರೀಯ ಪರಿಷತ್ತು 1995ರಲ್ಲಿ ಎಲ್ಲ ದೇಶಗಳ ಅಭ್ಯರ್ಥಿಗಳಿಗೂ ತೆರೆದ ಪರೀಕ್ಷೆಗಳನ್ನು ಆರಂಭಿಸಿ, 2006ರಲ್ಲಿ ಪಠ್ಯಕ್ರಮದ ಮಾರ್ಗದರ್ಶನವನ್ನು ಪ್ರಕಟಿಸಿತು. ಅದಕ್ಕಿಂತ ಮಹತ್ವದ್ದು ಕೈಯನ್ನು ಅಳೆಯುವ ಕೋಲು. ಪೊರೆಯ ಶಸ್ತ್ರಕ್ರಿಯೆಯನ್ನು ಒಂದೊಂದು ಹೆಜ್ಜೆಯಾಗಿ ಬಿಡಿಸಿ, ಪ್ರತಿ ಹೆಜ್ಜೆಯಲ್ಲಿಯೂ ಹೊಸಬನು ಹೇಗೆ ಮಾಡುವನು, ಸಮರ್ಥನು ಹೇಗೆ ಮಾಡುವನು ಎಂಬುದನ್ನು ಮಾತಿನಲ್ಲಿ ಬರೆದು, ಅದಕ್ಕೆ ತಕ್ಕಂತೆ ಅಂಕಗಳನ್ನು ಕೊಡುವ ಪಟ್ಟಿಗಳು 2005ರ ತರುವಾಯ ಸಿದ್ಧವಾದವು. ‘ಇನ್ನೂ ಕೈ ಪಳಗಿಲ್ಲ’ ಎಂದು ಗುರುವು ಗದರಿಸುವುದಕ್ಕೂ, ‘ಮಸೂರಕೋಶವನ್ನು ತೆರೆಯುವಾಗ ಅಂಚು ಹರಿಯಿತು, ಇದಕ್ಕೆ ಇಷ್ಟು ಅಂಕ’ ಎಂದು ತೋರಿಸುವುದಕ್ಕೂ ಇರುವ ಅಂತರವು ಕಲಿತವರಿಗೆ ಗೊತ್ತು.

ಇದರ ಜೊತೆಗೆ ಯೋಗ್ಯಾ ಎಂಬುದು ಹೊಸ ರೂಪದಲ್ಲಿ ಮರಳಿ ಬಂದಿತು. ಗಣಕಯಂತ್ರದಿಂದ ನಡೆಯುವ ಕೃತಕ ಕಣ್ಣಿನ ಮೇಲೆ ಶಿಷ್ಯರು ಮೊದಲು ಕೆಲಸ ಮಾಡುವಂತೆ ಬ್ರಿಟನ್ನಿನಲ್ಲಿ ಏರ್ಪಾಡಾಯಿತು. ಅಲ್ಲಿ ಮೊದಲ ಎರಡು ವರ್ಷಗಳ 265 ಶಿಕ್ಷಾರ್ಥಿಗಳು ಮಾಡಿದ ಶಸ್ತ್ರಕ್ರಿಯೆಗಳನ್ನು ಪರಿಶೀಲಿಸಿದಾಗ, ಮಸೂರಕೋಶದ ಹಿಂಬದಿಯು ಹರಿಯುವ ಅಪಾಯವು 2009ರಲ್ಲಿ ನೂರಕ್ಕೆ 4.2 ಇದ್ದುದು 2015ರ ಹೊತ್ತಿಗೆ 2.6ಕ್ಕೆ ಇಳಿದಿತ್ತು. 2020ರಲ್ಲಿ ಪ್ರಕಟವಾದ ಈ ಪರಿಶೀಲನೆಯು ಧನಿಕ ದೇಶದ್ದು, ಯಂತ್ರವೂ ದುಬಾರಿಯಾದುದು. ಬಡ ದೇಶಗಳ ಮಟ್ಟಿಗೆ ಇದರ ಪರೀಕ್ಷೆಯಾದುದು ಆಫ್ರಿಕಾದಲ್ಲಿ. ಕೀನ್ಯಾ, ಟಾಂಜಾನಿಯಾ, ಉಗಾಂಡಾ, ಜಿಂಬಾಬ್ವೆ ಈ ನಾಲ್ಕು ದೇಶಗಳ 50 ಮಂದಿ ಶಿಕ್ಷಾರ್ಥಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಎಂದಿನ ಶಿಕ್ಷಣದೊಡನೆ ಕೇಪ್‌ಟೌನ್ ನಗರದಲ್ಲಿ ಐದು ದಿನ ಕೃತಕ ಕಣ್ಣುಗಳ ಮೇಲೆ ಅಭ್ಯಾಸವನ್ನು ಮಾಡಿಸಿದರು. ಇನ್ನೊಂದಕ್ಕೆ ಎಂದಿನ ಶಿಕ್ಷಣವನ್ನು ಮಾತ್ರ ಕೊಟ್ಟರು. ಶಿಕ್ಷಾರ್ಥಿಯು ಯಾರೆಂದು ತಿಳಿಯದ ಪರೀಕ್ಷಕರು ಅವರ ಕೆಲಸದ ಚಲಚ್ಚಿತ್ರಗಳನ್ನು ನೋಡಿ ಅಂಕಗಳನ್ನು ಕೊಟ್ಟರು. ಅಷ್ಟಕ್ಕೇ ನಿಲ್ಲದೆ, ಅವರು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದ ಮೇಲೆ ಒಂದು ವರ್ಷ ಪೂರ್ತಿ, ಮನುಷ್ಯರ ಕಣ್ಣುಗಳಲ್ಲಿ ಏನಾಯಿತೆಂಬುದನ್ನು ಎಣಿಸಿದರು. ಕೃತಕ ಕಣ್ಣಿನಲ್ಲಿ ಅಭ್ಯಾಸ ಮಾಡಿದವರು ಆ ವರ್ಷ ಸರಾಸರಿ 21.5 ಶಸ್ತ್ರಕ್ರಿಯೆಗಳನ್ನು ಮಾಡಿದ್ದರು, ಮಾಡದವರು 8.5, ಮಸೂರಕೋಶವು ಹರಿದುದು ಮೊದಲನೆಯವರಲ್ಲಿ ನೂರಕ್ಕೆ 7.8, ಎರಡನೆಯವರಲ್ಲಿ 26.6. ಈ ಫಲಿತಾಂಶವು 2021ರಲ್ಲಿ ಪ್ರಕಟವಾಯಿತು. ಎರಡನೆಯ ಪಂಗಡದವರಿಗೂ, ವರ್ಷವು ಕಳೆದ ಮೇಲೆ, ಅದೇ ಕೃತಕ ಕಣ್ಣುಗಳ ಮೇಲೆ ಅದೇ ಐದು ದಿನಗಳ ಅಭ್ಯಾಸವನ್ನು ಮಾಡಿಸಿದರು.